ಮರಗಮ್ಮ ಪಾಸು ಮಾಡದ ಜಾಗಗಳು

ಮುಂಬಯಿ ಹತ್ತಿರ ಮುಂಬ್ರಾದ ನಮ್ಮ ಚಾಳಿನಲ್ಲಿ ಮರಗಮ್ಮ ಎಂಬ ಮುದುಕಿ ಇದ್ದಳು. ಯಾದಗಿರಿ ಕಡೆಯಿಂದ ಬಂದು, ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಹೊತ್ತು ಮೊಣಕಾಲು ಸವೆಸಿಕೊಂಡವಳು. ಅರ್ಧ ಮುಂಬಯಿ ಕಟ್ಟಿದವಳು, ಅದನ್ನು ನೋಡಲು ಒಂದು ದಿನವೂ ಹೋದವಳಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ನನ್ನ ಅತ್ತೆ, ಹೆಂಡತಿಯ ತಾಯಿ, ಮೊದಲ ಸಲ ಊರಿನಿಂದ ಬರುವವಳಿದ್ದಳು. ಎಲ್ಲಿಗೋ ಕರೆದೊಯ್ದು ಆಕೆ ದಣಿದರೆ ಊರೆಲ್ಲ ನನ್ನ ಮಾನ ಹರಾಜು. ಅತ್ತೆಗೂ ಮರಗಮ್ಮನಿಗೂ ಒಂದೇ ವಯಸ್ಸು, ಅಂಥವೇ ಮೊಣಕಾಲು. ಆದ್ದರಿಂದ ಮೊದಲು ಇವಳನ್ನೇ ಕರೆದೊಯ್ದು ಜಾಗಗಳ ಪರೀಕ್ಷೆ ಮಾಡಿದೆ; ಇವಳು ಪಾಸು ಮಾಡಿದಲ್ಲಿಗೇ ಅತ್ತೆಯನ್ನು ಒಯ್ಯುವುದೆಂದು.

ಟಿಟ್ವಾಳದ ಗಣಪತಿ ನೋಡಿ ಬಂದು, “ದೇವರು ಛಲೋ ಹಾನ. ಟಾಂಗಾದಾಗ ನಡ ನೋಯ್ತದ” ಎಂದಳು. ಠಾಣೆಯ ಕೆರೆಗೆ, “ನೀರು ಭಾಳ ಅವ, ಖರೆ ಸಮುದ್ರ ಅಲ್ಲಲ್ಲ” ಎಂದಳು. ಜುಹೂದ ಸಮುದ್ರದ ದಂಡೆಯಲ್ಲಿ ಎರಡು ಸಲ ಭೇಳ್ ತಿಂದು, “ಉಸುಕಿನಾಗ ಕಾಲು ಹುಗೀತಾವ. ಬ್ಯಾರೆ ಕಡಿ ನೋಡಮು” ಎಂದಳು.

ನನ್ನ ರವಿವಾರಗಳೆಲ್ಲ ಹಾಳಾಗಿ ತಲೆ ಕೆಟ್ಟಿತು. “ಏ ಆಯಿ, ನಿನಗ ಸ್ವರ್ಗ ತೋರಿಸಿದ್ರೂ ಪಾಸಾಗಂಗಿಲ್ಲ” ಎಂದು ಕೂಗಿದೆ.

ಒಲೆ ಮುಂದಿದ್ದ ಹೆಂಡತಿ ಗುರಮ್ಮ ನಕ್ಕಳು. “ಪಾಸ್ ಮಾಡಿದ್ರ ಆಕಿ ತಿರುಗಾಟ ಮುಗೀತದಲ್ಲ. ನಿಮಗ ಅಷ್ಟೂ ತಿಳೀವಲ್ದು?”

ಮರಗಮ್ಮ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡಿದಳು.

ಅತ್ತೆ ಬಂದ ದಿನ ಮರಗಮ್ಮನಿಗೆ, “ನೀನೂ ನಮ್ಮ ಜೋಡಿ ಬರ್ತಿ. ಈಗ ಖರೆ ಹೇಳು, ಯಾವುದು ಛಲೋ?” ಎಂದೆ.

“ಜುಹೂ,” ಎಂದಳು ತಡಮಾಡದೆ.

ದಂಡೆಯ ಮೇಲೆ ಅತ್ತೆಯ ಕೈ ಹಿಡಿದು ಮರಗಮ್ಮ ತನ್ನದೇ ಊರೆಂಬಂತೆ ಮುಂದೆ ನಡೆದಳು. ಅತ್ತೆ ದಣಿಯಲಿಲ್ಲ. ಇಬ್ಬರ ಚಪ್ಪಲಿ ಹಿಡಿದು ಹಿಂದೆ ಹೊರಟ ನಾನು ದಣಿದೆ.