ಬಾತುಕೋಳಿ ಯೂಗೆನ್ ಮತ್ತು ನನ್ನ ಎಡಗೈ

ಮುನ್ನೂರು ಎಂದರೆ ಮುನ್ನೂರೇ. ನೀವು ತಲೆ ಅಲ್ಲಾಡಿಸಿದ ಮಾತ್ರಕ್ಕೆ ಬಾತುಕೋಳಿಗಳು ಕಡಿಮೆಯಾಗುವುದಿಲ್ಲ. ಹೋದ ವರ್ಷ ಅರವತ್ತು ಎಂದಿದ್ದೆನೇ? ಎಂದಿರಬಹುದು. ಆಗ ನನಗೆ ಹಲ್ಲುನೋವಿತ್ತು, ದೊಡ್ಡ ಲೆಕ್ಕ ಬಾಯಿಂದ ಹೊರಡುತ್ತಿರಲಿಲ್ಲ. ಈ ಗಾಯದ ಗುರುತನ್ನೂ ನೀವು ನಂಬುವುದಿಲ್ಲ. ಎಡ ಮಣಿಕಟ್ಟಿನ ಮೇಲೆ, ನೋಡಿ, ಉದ್ದಕ್ಕೆ ಬಿಳಿಗೆರೆ. ಸರೋವರದ ಆಮೆ ಕಚ್ಚಿದ್ದು, ಬಂಡಿಯ ಚಕ್ರದಷ್ಟು ದೊಡ್ಡ ಆಮೆ. ಮದುವೆಯಾಗಿ ಮೂವತ್ತೇಳು ವರ್ಷದಿಂದ ನನ್ನ ಹೆಂಡತಿಯೇ ನಂಬಿದ್ದಾಳೆ, ನಿಮ್ಮದೇನು ತಕರಾರು?

ಸರಿ, ಹತ್ತಿರ ಬನ್ನಿ. ಲಿಂಗ್‌ಜಿ ಅಡುಗೆಮನೆಯಲ್ಲಿದ್ದಾಳೆ. ಬಾಣಲೆಯ ಸದ್ದು ಕೇಳುತ್ತಿರುವವರೆಗೆ ನಾನು ನಿಜ ಹೇಳಬಹುದು. ಆಮೆ ಗೀಮೆ ಏನೂ ಇಲ್ಲ. ಇದು ಯೂಗೆನ್ ಕೊಟ್ಟ ಏಟು. ಅವಳಿಗೆ ಇದೊಂದು ಗೊತ್ತಾಗಬಾರದು, ಅಷ್ಟೇ.

ತಾಂಗ್ ಯೂಗೆನ್‌ನನ್ನು ನೀವು ನೋಡಿದ್ದೀರಿ. ಕಾಲುವೆಯ ಆಚೆ ದಡದಲ್ಲಿ ಬಾತುಕೋಳಿ ಸಾಕುವವನು. ನನಗಿಂತ ಮೂರು ವರ್ಷ ದೊಡ್ಡವನು, ಆದರೂ ಬಾಯಿತುಂಬ ಅವನದೇ ಹಲ್ಲು. ನನ್ನವು ಎಷ್ಟಿವೆ ಎಂದು ಕೇಳಬೇಡಿ. ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದನೆಂದರೆ ಒಳಗೆ ಒಂದು ಹಳದಿ ಇದೆಯೋ ಎರಡೋ ಹೇಳುತ್ತಾನೆ. ಒಮ್ಮೆಯೂ ತಪ್ಪಿದ್ದಿಲ್ಲ. ತಪ್ಪಲಿ ಎಂದು ನಾನು ನಲವತ್ತು ವರ್ಷದಿಂದ ಕಾಯುತ್ತಿದ್ದೇನೆ. ಆ ಎರಡು ಹಳದಿಯ ಮೊಟ್ಟೆಗಳೆಲ್ಲ ಎಲ್ಲಿಗೆ ಹೋಗುತ್ತವೆ ಗೊತ್ತೇ? ನನ್ನ ಮನೆಗೆ. ನನಗಲ್ಲ, ಲಿಂಗ್‌ಜಿಗೆ. ಹೊಸ ವರ್ಷದ ಅಕ್ಕಿಕಡುಬು ಬೆಂದರೆ ಇವಳು ಮೊದಲ ಬಟ್ಟಲು ತುಂಬಿ ಸೇತುವೆ ದಾಟುತ್ತಾಳೆ. ಎರಡನೆಯ ಬಟ್ಟಲು ನನಗೆ. ಅಷ್ಟು ಹೊತ್ತಿಗೆ ಅದು ಆರಿರುತ್ತದೆ.

ಕೇಳಿದರೆ ಒಂದೇ ಮಾತು: "ಯೂಗೆನ್ ಅಣ್ಣ ಇಲ್ದೇ ಇದ್ದಿದ್ರೆ ನಾನೆಲ್ಲಿರ್ತಿದ್ದೆ?"

ಅದೂ ಸುಳ್ಳಲ್ಲ ನೋಡಿ, ಹೊಟ್ಟೆ ಉರಿಯುವುದು ಅದಕ್ಕೇ.

ಯುದ್ಧದಲ್ಲಿ ಜಪಾನಿನ ಸೈನಿಕರು ನಮ್ಮ ಸರೋವರಕ್ಕೆ ಬಂದದ್ದು ಶರತ್ಕಾಲದಲ್ಲಿ, ಜೊಂಡು ಆಳೆತ್ತರ ನಿಂತಿದ್ದಾಗ. ನನಗೆ ಹನ್ನೊಂದು ವರ್ಷ. ಊರಿಗೆ ಊರೇ ದೋಣಿ ಹತ್ತಿ ಜೊಂಡಿನೊಳಗೆ ನುಗ್ಗಿತು. ನಮ್ಮ ದೋಣಿಯಲ್ಲಿ ಒಂಬತ್ತು ಜನ. ಪಕ್ಕದ ಮನೆಯಾಕೆ ಚಳಿಜ್ವರ ಬಂದು ದೋಣಿಯ ತಳದಲ್ಲಿ ಮಲಗಿದ್ದಳು, ಅವಳ ನಾಲ್ಕು ತಿಂಗಳ ಹೆಣ್ಣುಕೂಸನ್ನು ನನ್ನ ತೊಡೆಯ ಮೇಲೆ ಹಾಕಿದ್ದರು. ಆ ಕೂಸೇ ಈಗ ಒಳಗೆ ಮೀನು ಹುರಿಯುತ್ತಿರುವುದು. ನಮ್ಮ ಪಕ್ಕದಲ್ಲಿ ಒಬ್ಬರೇ ಕೂರಬಹುದಾದ ಪುಟ್ಟ ದೋಣಿಯಲ್ಲಿ ಯೂಗೆನ್, ಅವನ ಸುತ್ತ ಅವನಪ್ಪನ ಮುನ್ನೂರು ಬಾತುಕೋಳಿ. ಭತ್ತ ಚೆಲ್ಲಿ ಅವುಗಳ ಬಾಯಿ ಮುಚ್ಚಿಸಿದ್ದ.

ಮೋಟಾರು ದೋಣಿಯ ಸದ್ದು ಹತ್ತಿರ ಬಂತು, ನಿಂತಿತು. ಅವರ ಮಾತು ಕೇಳಿಸುವಷ್ಟು ಹತ್ತಿರ. ಆಗ ಕೂಸು ಎದ್ದಿತು.

ನಮ್ಮಮ್ಮ ನನ್ನ ಕಿವಿಯಲ್ಲಿ, "ಬಾಯಿ ಮುಚ್ಚೋ ಅದರದ್ದು," ಎಂದಳು. ನಾನು ಎಡಗೈ ಇಟ್ಟು ಒತ್ತಿದೆ. ಹನ್ನೊಂದು ವರ್ಷದವನಿಗೆ ಎಷ್ಟು ಒತ್ತಬೇಕು ಎಂದು ಗೊತ್ತಿರುತ್ತದೆಯೇ? ಮೂಗು, ಬಾಯಿ ಎರಡೂ ನನ್ನ ಅಂಗೈಯಲ್ಲಿ. ಅದು ಕಾಲು ಒದ್ದಿತು, ಆಮೇಲೆ ಒದೆಯುವುದನ್ನು ನಿಲ್ಲಿಸಿತು. ನನ್ನ ಕೈ ಏಳಲಿಲ್ಲ. ಭಯಕ್ಕೆ ಮರಗಟ್ಟಿತ್ತು.

ಯೂಗೆನ್ ತನ್ನ ದೋಣಿಯಿಂದಲೇ ಬಾತು ಅಟ್ಟುವ ಬಿದಿರಿನ ಗಳುವನ್ನು ಎತ್ತಿ, ಸೀಳಿದ ತುದಿಯಿಂದ ನನ್ನ ಮಣಿಕಟ್ಟಿನ ಮೇಲೆ ಹೊಡೆದ. ಕೈ ಹಾರಿತು. ಕೂಸು ಉಸಿರೆಳೆದುಕೊಂಡು ಸರೋವರವೇ ಬಿರಿಯುವಂತೆ ಕಿರುಚಿತು. ಅದೇ ಗಳುವನ್ನು ಅವನು ನೀರಿಗೆ ಬಡಿದ, ಒಮ್ಮೆ, ಮತ್ತೊಮ್ಮೆ. ಮುನ್ನೂರು ಬಾತುಗಳು ಒಟ್ಟಿಗೆ ಅರಚಿಕೊಂಡು ಜೊಂಡಿನಿಂದ ಆಚೆ ನುಗ್ಗಿದವು. ಆ ಗದ್ದಲದಲ್ಲಿ ಕೂಸಿನ ದನಿ ಎಲ್ಲಿ ಹೋಯಿತೋ. ಸೈನಿಕರು ನಕ್ಕರು, ಗುಂಡು ಹಾರಿಸಿದರು, ಬಾತು ಹಿಡಿದು ದೋಣಿ ತುಂಬಿಸಿಕೊಂಡು ಹೊರಟುಹೋದರು. ಅಷ್ಟೂ ಬಾತು ಕಳೆದದ್ದಕ್ಕೆ ಯೂಗೆನ್‌ಗೆ ಅವನಪ್ಪನಿಂದ ಬಿದ್ದ ಏಟು ಬೇರೆ.

ಬಾತುಗಳ ಕಥೆ ಊರಿಗೆಲ್ಲ ಗೊತ್ತು. ದೋಣಿಯಲ್ಲಿದ್ದ ಮಿಕ್ಕವರು ತಲೆ ತಗ್ಗಿಸಿ ಮುದುರಿದ್ದರು, ಹಾಗಾಗಿ ನನ್ನ ಕೈಯ ಕಥೆ ಗೊತ್ತಿದ್ದವರು ಮೂವರೇ. ಅಮ್ಮ ಸತ್ತಳು. ಉಳಿದವರು ನಾನು ಮತ್ತು ಅವನು. ಲಿಂಗ್‌ಜಿಯನ್ನು ನಾನೇ ಬೇಕೆಂದು ಮದುವೆಯಾದೆ. ಅವನು ಮದುವೆಗೆ ಎರಡು ಬಾತು ತಂದ, ಉಂಡ, ಬಾಯಿ ಬಿಡಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಎಂಟು ವರ್ಷದ ಹಿಂದೆ ಸಿನಿಮಾದವರು ಬಂದರು. ಯುದ್ಧದಲ್ಲಿ ಸಾಮಾನ್ಯ ಜನ ಬದುಕುಳಿದ ಕಥೆ ಬೇಕಂತೆ, ಬಂದೂಕಿನ ವೀರರು ಬೇಡವಂತೆ. ನಿರ್ದೇಶಕಿ ಮೆಂಗ್ ಎಂಬಾಕೆ, ಗಂಡಸರ ಹಾಗೆ ಸಿಗರೇಟು ಸೇದುತ್ತಿದ್ದಳು. ಮೊದಲು ನನ್ನ ಅಂಗಳಕ್ಕೆ ಬಂದಳು, ಏಕೆಂದರೆ ಸೇತುವೆ ಇಳಿದರೆ ಮೊದಲ ಮನೆ ನನ್ನದು.

"ಅಜ್ಜಾ, ಬಾತುಕೋಳಿ ಎಬ್ಬಿಸಿ ಊರು ಉಳಿಸಿದೋರು ಯಾರು?" ಎಂದಳು.

ಹೇಳಲು ಬಾಯಿ ತೆರೆದೆ. ಲಿಂಗ್‌ಜಿ ಸಂತೆಗೆ ಹೋಗಿದ್ದಳು. ನಾಲಿಗೆ ತಾನಾಗಿಯೇ ಹೊರಳಿತು: "ನಾನೇ, ಮೇಡಂ."

ಒಂದು ಮಧ್ಯಾಹ್ನವಿಡೀ ಹೇಳಿದೆ. ಬಾತು ಎಬ್ಬಿಸಿದ್ದು ನಾನು, ಮೋಟಾರು ದೋಣಿಯ ಕೆಳಗೆ ಈಜಿದ್ದು ನಾನು, ಆಮೆಯ ಬೆನ್ನೇರಿ ವಾಪಸಾದದ್ದೂ ನಾನು. ಆಮೆಯನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬರೆದುಕೊಂಡಳು.

ಚಿತ್ರೀಕರಣದ ದಿನ ಊರೆಲ್ಲ ದಡದಲ್ಲಿ ನೆರೆದಿತ್ತು. ಬಾತುಗಳು ಯೂಗೆನ್‌ನವು, ಬೇರೆ ಯಾರ ಬಳಿ ಅಷ್ಟಿದ್ದವು? ಹುಡುಗನ ಪಾತ್ರ ಮಾಡುತ್ತಿದ್ದ ಪೇಟೆಯ ನಟ ಗಳುವನ್ನು ನೀರಿಗೆ ಎಷ್ಟು ಬಡಿದರೂ ಬಾತು ಜಗ್ಗಲಿಲ್ಲ.

"ಅಜ್ಜಾ, ನೀವೇ ಕರೀರಿ, ಅವತ್ತಿನ ಥರ," ಎಂದಳು ಮೆಂಗ್.

ನನಗೆ ಗೊತ್ತಿದ್ದದ್ದು ಒಂದೇ ಕೂಗು. ಕಾಲುವೆಯ ಆಚೆಯಿಂದ ದಿನಾ ಸಂಜೆ ಕೇಳುತ್ತಿದ್ದದ್ದು. ಎದೆಯುಬ್ಬಿಸಿ ಕೂಗಿದೆ: "ಲೇಲೇಲೇಲೇ..."

ಅದು ಮನೆಗೆ ಬನ್ನಿ ಎಂಬ ಕೂಗು. ಬಾತುಗಳು ತಲೆಯೆತ್ತಿದವು, ಸಾಲುಗಟ್ಟಿದವು, ಪಿಟ್ಟೆನ್ನದೆ ದಡ ಹತ್ತಿ, ಕ್ಯಾಮರಾದ ಕಾಲುಗಳ ನಡುವೆ ನುಸುಳಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಯೂಗೆನ್‌ನ ಗೂಡಿಗೆ ನಡೆದವು. ಜಪಾನಿ ಸೈನಿಕರ ಉಡುಪಿನಲ್ಲಿದ್ದ ನಮ್ಮೂರ ಹುಡುಗರು ಹಿಂದೆ ಓಡಿ ಕೆಸರಿನಲ್ಲಿ ಬಿದ್ದರು.

"ಅವತ್ತೂ ಹೀಗೇ ಮನೆಗೆ ಹೋದ್ವಾ, ಅಜ್ಜಾ?" ಎಂದಳು ಮೆಂಗ್. ದಡವೇ ನಕ್ಕಿತು. ಲಿಂಗ್‌ಜಿ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಯೂಗೆನ್ ತನ್ನ ಬಿದಿರನ್ನು ಹಿಡಿದು ಮುಂದೆ ಬಂದ. "ಅವನ ತಪ್ಪೇನಿಲ್ಲ ಮೇಡಂ. ಅವತ್ತಿನ ಬಾತು ಬೇರೆ, ಇವು ಬೇರೆ. ಇವಕ್ಕೆ ನನ್ನ ಕೂಗು ಮಾತ್ರ ಗೊತ್ತು," ಎಂದ. ಬಾತುಗಳನ್ನು ಮತ್ತೆ ನೀರಿಗಿಳಿಸಿ, ಎರಡೇ ಏಟು ಬಡಿದ. ಎದ್ದ ಬಾತುಗಳಲ್ಲಿ ಆಕಾಶ ಕಾಣಲಿಲ್ಲ.

ಹೇಳಿ, ಇಂಥವನನ್ನು ಹೇಗೆ ಸಹಿಸುವುದು? ನನ್ನ ಸುಳ್ಳನ್ನು ಉಳಿಸುವುದರಲ್ಲೂ ನನಗಿಂತ ಚುರುಕು.

ಮರುವರ್ಷ ಕಣದಲ್ಲಿ ಬಿಳಿಬಟ್ಟೆ ಕಟ್ಟಿ ಸಿನಿಮಾ ತೋರಿಸಿದರು. ಜೊಂಡಿನ ದೃಶ್ಯ ಬಂತು. ತೆರೆಯ ಮೇಲೆ ಒಬ್ಬ ಹುಡುಗನ ತೊಡೆಯ ಮೇಲೆ ಕೂಸು, ಕೂಸಿನ ಬಾಯಿಯ ಮೇಲೆ ಕೈ. ನಾನು ಹೇಳಿರದ ಕೈ. ಆ ಹುಡುಗ ಕೂಸಿನ ಮುಖ ನೋಡುತ್ತಾನೆ, ತುಟಿ ಕಚ್ಚಿ, ತಾನಾಗಿಯೇ ಕೈ ತೆಗೆಯುತ್ತಾನೆ. ಆಮೇಲೆ ಬಾತುಗಳು. ಪಕ್ಕದಲ್ಲಿ ಲಿಂಗ್‌ಜಿ ಅಳುತ್ತಿದ್ದಳು. ನನ್ನ ಎಡಗೈ ಹಿಡಿದು, ಹೆಬ್ಬೆರಳಿನಿಂದ ಈ ಗೆರೆಯನ್ನು ತಿಕ್ಕುತ್ತಿದ್ದಳು.

"ಒಳ್ಳೇ ಹುಡುಗ," ಎಂದಳು. ಅಷ್ಟೇ.

ಮರುದಿನ ಬೆಳಗ್ಗೆಯೇ ಸೇತುವೆ ದಾಟಿದೆ. ಅವನು ಮೊಟ್ಟೆಗಳಿಗೆ ಉಪ್ಪುಮಣ್ಣು ಮೆತ್ತುತ್ತ ಕೂತಿದ್ದ.

"ಆ ಸಿನಿಮಾದ ಹೆಂಗಸಿಗೆ ಯಾಕೆ ಹೇಳ್ದೆ? ಹೇಳೋದಿದ್ರೆ ನಿಜ ಹೇಳ್ಬೇಕಿತ್ತು. ನಾನೆಲ್ಲಿ ಕೈ ತೆಗೆದೆ?"

ಅವನು ತಲೆ ಎತ್ತಲಿಲ್ಲ. "ನೀನು ನನ್ನ ಬಾತು ತಗೊಂಡೆ. ನಾನು ನಿನ್ನ ಕೈ ತಗೊಂಡೆ, ಆ ಹುಡುಗ ನಾನೇ ಅಂದೆ. ಈ ಮೊಟ್ಟೆ ಹಿಡ್ಕೋ ತಮ್ಮಾ, ಎರಡು ಹಳದಿಯದು."

ಅವತ್ತಿನಿಂದ ನನಗೆ ಇನ್ನೂ ಹೆಚ್ಚು ಹೊಟ್ಟೆಕಿಚ್ಚು. ತೆರೆಯ ಮೇಲಿನ ಆ ಹುಡುಗನ ಮೇಲೂ. ಅವನು ಕೈ ತೆಗೆದ. ನಾನು ತೆಗೆಯಲಿಲ್ಲ. ಲಿಂಗ್‌ಜಿ ಅತ್ತದ್ದು ಅವನಿಗಾಗಿ, ಹಿಡಿದುಕೊಂಡದ್ದು ನನ್ನ ಕೈ. ಅದನ್ನು ಅವಳಿಗೆ ಹೇಳಿಬಿಡಬೇಕು ಎಂದು ಏಳು ವರ್ಷದಿಂದ...

ತಡೆಯಿರಿ. ಬಾಣಲೆಯ ಸದ್ದು ಯಾವಾಗ ನಿಂತಿತು?

"ರೀ ಮುದುಕರೇ, ಸಾಕು ಮಾಡಿ ಬನ್ನಿ ಊಟಕ್ಕೆ. ಯೂಗೆನ್ ಅಣ್ಣ ಹಿಂದಿನ ಬಾಗಿಲಿಂದ ಬಂದು ಕೂತು ಆಗ್ಲೇ ಎಷ್ಟೊತ್ತಾಯ್ತು. ನೀವು ಬರೋವರ್ಗೂ ಊಟದ ಕಡ್ಡಿ ಮುಟ್ಟಲ್ವಂತೆ. ನನ್ನ ಬಾಯಿ ಮುಚ್ಚಿದ ಆ ಕೈನ ಚೆನ್ನಾಗಿ ತೊಳ್ಕೊಂಡು ಬನ್ನಿ."

"ಯಾರೇ ಹೇಳಿದ್ದು ನಿಂಗೆ? ಅವನೇ ತಾನೇ?"

"ನಿಮ್ಮಮ್ಮ. ಮದುವೆಗೆ ಮುಂಚೆನೇ. ಗೊತ್ತಿದ್ದೇ ಬಂದಿದ್ದು ನಾನು. ಆಮೆ ಕಥೆ ಚೆನ್ನಾಗಿತ್ತು, ಅದಕ್ಕೇ ಸುಮ್ನಿದ್ದೆ. ಬನ್ನಿ, ಮೀನು ಆರ್ತಿದೆ."

ಕೇಳಿದಿರಾ? ನನಗೊಂದು ಕೈ ಕೊಡಿ, ಮೊಣಕಾಲು ಹಿಡಿದುಕೊಂಡಿದೆ. ಬೇಗ ಏಳಬೇಕು. ಎರಡು ಹಳದಿಯ ಮೊಟ್ಟೆಯನ್ನು ಇಷ್ಟು ಹೊತ್ತಿಗೆ ಅವನ ಬಟ್ಟಲಿಗೇ ಹಾಕಿರುತ್ತಾಳೆ.