ಎಲ್ಡನ್ ಬೋರಲು ಹಾಕಿದ ಟರ್ಕಿ

ಮೂವತ್ತೊಂದು ವರ್ಷ ನಮ್ಮೂರ ಶಾಲೆಯ ಬಸ್ಸು ಓಡಿಸಿದ ಎಲ್ಡನ್ ಒಂದು ದಿನವೂ ತಡಮಾಡಿದವನಲ್ಲ. ವಿಸ್ಕಾನ್ಸಿನ್ನಿನ ಹಿಮದಲ್ಲೂ ಏಳು ಹತ್ತಕ್ಕೆ ಅವನ ಹಾರ್ನ್ ಕೇಳಲೇಬೇಕು. ಅಡುಗೆಯ ಮಾತು ಮಾತ್ರ ಬೇಡ. ಡಬ್ಬಿಯ ಸೂಪನ್ನೂ ತಳ ಹಿಡಿಸುವ ಪುಣ್ಯಾತ್ಮ. ಮದುವೆಯಾಗಲಿಲ್ಲ. ಟರ್ಕಿ ಕೋಳಿಯನ್ನು ಇಡಿಯಾಗಿ ಬೇಯಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅಕ್ಕ ವರ್ನಾಳ ಮನೆಯಲ್ಲಿ ನೆಂಟರ ಜೊತೆ ಕೂತು ಉಣ್ಣುವುದೇ ಅವನ ಪಾಲಿನ ಸಂಸಾರ. ಪಕ್ಕದ ಮನೆಯವಳೆಂದು ನನಗೂ ಅಲ್ಲೊಂದು ಕುರ್ಚಿಯಿದೆ.

ಕಳೆದ ವರ್ಷ ಹಬ್ಬಕ್ಕೆ ವಾರವಿರುವಾಗ ವರ್ನಾ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡಳು. ಮೂವತ್ತೆಂಟು ವರ್ಷ ಬೇರೆಯವರಿಗೆ ಓವನ್ ಮುಟ್ಟಗೊಡದವಳು ಅವಳು.

"ಈ ಸಲ ಹೋಟ್ಲಲ್ಲಿ ತಿನ್ನಿ. ಇನ್ಮೇಲೂ ಅಷ್ಟೇ, ನಂಗೂ ವಯಸ್ಸಾಯ್ತು," ಅಂದಳು.

"ನಾನ್ ಮಾಡ್ತೀನಕ್ಕ," ಅಂದ ಎಲ್ಡನ್.

"ನೀನಾ? ಲೋ, ಕೀಲಿ ತಿರುಗ್ಸಿದ್ರೆ ಹೊರಡೋಕೆ ಅದೇನು ಬಸ್ಸೇನೋ! ಕೆಡಿಸಿದ್ರೆ ಈ ಮನೇಲಿ ಹಬ್ಬದೂಟ ಇದೇ ಕೊನೆ, ನೋಡ್ಕೋ."

ಎಲ್ಡನ್ ಹಿಮಗಟ್ಟಿದ ಟರ್ಕಿಯನ್ನು ಐದು ದಿನ ಮೊದಲೇ ತಂದು ಅಕ್ಕನ ಫ್ರಿಜ್ಜಿನಲ್ಲಿಟ್ಟ. ಹಿಮಗಡ್ಡೆ ಬಿಟ್ಟಿತೇ ಎಂದು ಬೆಳಗ್ಗೆ ಸಂಜೆ ಆಸ್ಪತ್ರೆಗೆ ಹೋಗುವವನ ಹಾಗೆ ಹೋಗಿ ನೋಡಿಕೊಂಡು ಬರುತ್ತಿದ್ದ. ಹಬ್ಬದ ದಿನ ಅಕ್ಕನನ್ನು ಹಜಾರದಲ್ಲಿ ಕೂರಿಸಿ, "ಗಾಡಿ ಓಡೋವಾಗ ಡ್ರೈವರ್ ಹತ್ರ ಮಾತಾಡ್ಬಾರ್ದು," ಎಂದು ಅಡುಗೆಮನೆಯ ಬಾಗಿಲು ಹಾಕಿಕೊಂಡ.

ನಾಲ್ಕು ತಾಸಿನ ನಂತರ ಟರ್ಕಿ ಮೇಜಿಗೆ ಬಂತು. ವರ್ನಾ ಕನ್ನಡಕ ಏರಿಸಿ ನೋಡಿದಳು.

"ಇದರ ಎದೆ ಎಲ್ಲೋ?"

"ಕೆಳಗಿದೆ. ಹಂಗೇ ಅಲ್ವಾ ಮಲಗ್ಸೋದು?"

"ಅಯ್ಯೋ, ಎದೆ ಮೇಲೆ ಬರ್ಬೇಕು ಕಣೋ, ಬೋರಲು ಹಾಕಿದ್ದೀಯಲ್ಲೋ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎಲ್ಡನ್ ಮಾತ್ರ ನಗಲಿಲ್ಲ. ಇನ್ನು ಈ ಮನೆಯ ಊಟ ಮುಗಿಯಿತು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ನನಗೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಆದರೆ ಚಾಕು ಇಳಿದದ್ದೇ ತಡ, ರಸ ಚಿಮ್ಮಿತು. ಬೋರಲು ಬೆಂದದ್ದಕ್ಕೆ ರಸವೆಲ್ಲ ಎದೆಯ ಮಾಂಸಕ್ಕೇ ಇಳಿದಿತ್ತು. ಬೆಣ್ಣೆಯಷ್ಟು ಮೆತ್ತಗೆ! ನಿಜ ಹೇಳಬೇಕೆಂದರೆ ವರ್ನಾಳ ಟರ್ಕಿ ಎಷ್ಟು ಒಣಕಲೆಂದರೆ, ಮೇಲೆ ಗ್ರೇವಿ ಸುರಿಯದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇಷ್ಟು ವರ್ಷದಲ್ಲಿ ಯಾರಿಗೂ ಬಂದಿರಲಿಲ್ಲ, ನನಗೂ ಇಲ್ಲ.

"ಗ್ರೇವಿ ಯಾಕೆ ಯಾರೂ ಮುಟ್ಟಿಲ್ಲ?" ವರ್ನಾ ಕೇಳಿದಳು.

ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡೆವು. ಎಲ್ಡನ್ ಗ್ರೇವಿಯ ಪಾತ್ರೆಯನ್ನು ಎಳೆದುಕೊಂಡು ತನ್ನ ತಟ್ಟೆಗೆ ಮಾಂಸ ಮುಳುಗುವಷ್ಟು ಸುರಿದುಕೊಂಡ.

"ತುಂಬಾ ಒಣಗ್ಬಿಟ್ಟಿದೆ ಅಕ್ಕ. ನಿನ್ ಕೈರುಚಿ ಎಲ್ಲಿ ಬರ್ಬೇಕು?"

ವರ್ನಾ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಆಮೇಲೆ ಇನ್ನೊಂದು.

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಅಂದಳು. "ಮುಂದಿನ ವರ್ಷ ಬೇಗ ಬಾ. ಉಪ್ಪು, ಮೆಣಸು ನಾನು ಹಚ್ತೀನಿ. ಬೋರಲು ಹಾಕೋ ಕೆಲ್ಸ ನಿಂದು."

ಎಲ್ಡನ್ ತಲೆಯಾಡಿಸಿದ. ತಟ್ಟೆಯಲ್ಲಿದ್ದ ಅಷ್ಟೂ ಗ್ರೇವಿಯನ್ನು ಅವನೇ ಮುಗಿಸಬೇಕಾಯಿತು.