ಸ್ಯಾಂಟೊರಿನಿಯ ಹಡಗಿನಲ್ಲಿ ತಾಳಿ ಹಿಡಿದ ಸೀಟು

ನಾನು ದಾವಣಗೆರೆಯ ಒಂದು ಟ್ರಾವೆಲ್ಸ್‌ನಲ್ಲಿ ಟೂರ್ ಮ್ಯಾನೇಜರ್ ಆಗಿದ್ದು ನಿವೃತ್ತನಾದವನು. ಕಾಶಿಯಿಂದ ಸಿಂಗಪುರದವರೆಗೆ ಎಷ್ಟೋ ತಂಡಗಳನ್ನು ಕರೆದೊಯ್ದು ಸುರಕ್ಷಿತವಾಗಿ ಮನೆ ಮುಟ್ಟಿಸಿದ್ದೇನೆ. ನಿವೃತ್ತಿಗೆ ಮುಂಚಿನ ವರ್ಷ, ಮೇ ತಿಂಗಳಲ್ಲಿ, ನನ್ನ ಕೊರಳಿಗೆ ಗಂಟುಬಿದ್ದದ್ದು ಒಂದು ಮದುವೆ ದಿಬ್ಬಣ.

ಹೆಣ್ಣಿನ ತಂದೆ ಶಿವಕುಮಾರ್, ಎಂ.ಸಿ.ಸಿ. ಬಡಾವಣೆಯ ಬಟ್ಟೆ ವ್ಯಾಪಾರಿ. ಮಗಳ ಹಟಕ್ಕೆ ಮದುವೆಯನ್ನು ಗ್ರೀಸ್ ದೇಶದ ಸ್ಯಾಂಟೊರಿನಿಯಲ್ಲಿ ಇಟ್ಟುಕೊಂಡಿದ್ದರು. ಅದು ಜ್ವಾಲಾಮುಖಿ ಸಿಡಿದು ನಡುಭಾಗವೆಲ್ಲ ಸಮುದ್ರದ ಪಾಲಾಗಿ, ಅಂಚು ಮಾತ್ರ ಉಳಿದಿರುವ ದ್ವೀಪ. ಗಂಡಿನ ತಾಯಿ ಭಾನುವಳ್ಳಿಯ ಗಿರಿಜಮ್ಮನಿಗೆ ಇದು ಸುತಾರಾಂ ಒಪ್ಪಿಗೆ ಇರಲಿಲ್ಲ. “ಬೆಂಕಿ ಉಗುಳೋ ಗುಡ್ಡದ ಮ್ಯಾಲೆ ಯಾರಾದ್ರೂ ಅಕ್ಕಿಕಾಳು ಹಾಕ್ತಾರೇನ್ರಿ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಿದ್ದರು. ಕೊನೆಗೆ ಎರಡು ಷರತ್ತು ಹಾಕಿ ಒಪ್ಪಿದರು. ಗಂಡಿನ ಕಡೆಯಿಂದ ಹೋಗುವ ತಾಳಿಯನ್ನು ಉಕ್ಕಡಗಾತ್ರಿ ಅಜ್ಜಯ್ಯನ ಗದ್ದಿಗೆಗೆ ಮುಟ್ಟಿಸಿ ತಾವೇ ತರುತ್ತಾರೆ. ಮುಹೂರ್ತ ಒಂದು ನಿಮಿಷವೂ ಜಾರಬಾರದು.

ಆ ತಾಳಿಯನ್ನು ಕೆಂಪು ಖಣದಲ್ಲಿ ಸುತ್ತಿ, ಹಳದಿ ಬಟ್ಟೆಯ ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ವಿಮಾನದಲ್ಲೂ ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ಅಥೆನ್ಸ್‌ನ ಬಂದರಿನಿಂದ ದ್ವೀಪಕ್ಕೆ ಫೆರ್ರಿಯಲ್ಲಿ ಹೋಗಬೇಕು. ಫೆರ್ರಿ ಎಂದರೆ ನಮ್ಮ ಕಡೆಯ ತೆಪ್ಪವಲ್ಲ. ಲಾರಿ, ಕಾರುಗಳನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಸಾಗುವ ಹಲವು ಅಂತಸ್ತಿನ ಹಡಗು. ಹೋಟೆಲಿನಲ್ಲಿ ಒಮ್ಮೆ, ಬಸ್ಸಿನಲ್ಲಿ ಒಮ್ಮೆ, ಬಂದರಿನಲ್ಲಿ ಗಂಟಲು ಹರಿಯುವ ಹಾಗೆ ಮತ್ತೊಮ್ಮೆ ಹೇಳಿದೆ: “ಎಲ್ಲರ ಸೀಟಿಗೂ ನಂಬರ್ ಐತ್ರಿ. ಯಾರೂ ಓಡಬ್ಯಾಡ್ರಿ.”

ಗಿರಿಜಮ್ಮನ ತಮ್ಮ, ಹರಿಹರದ ಚನ್ನಬಸಪ್ಪ ನಕ್ಕರು. “ನಂಬರ್ ಇದ್ರೇನಾತ್ರಿ ಮ್ಯಾನೇಜರ್ರೆ? ಮೊದ್ಲು ಟವೆಲ್ ಹಾಕಿದೋರ್ದೇ ಸೀಟು. ನಮ್ಮ ಬಸ್ ಸ್ಟ್ಯಾಂಡ್‌ನಾಗೆ ನೋಡಿಲ್ಲೇನು?”

ಹಡಗಿನೊಳಗೆ ಮೇಲಕ್ಕೆ ಹೋಗಲು ಎಸ್ಕಲೇಟರ್ ಇತ್ತು. ಗಿರಿಜಮ್ಮ ಅದರ ಮುಂದೆ ಹೆಜ್ಜೆ ಎತ್ತಿಡಲು ಹೆದರಿ ನಿಂತರು. ನಾನು ಅವರ ಕೈ ಹಿಡಿದು ಧೈರ್ಯ ಹೇಳುತ್ತಿದ್ದಾಗ ಈ ಮಹಾಶಯ ಹಿಂದಿನಿಂದ ಬಂದು, “ತಾ ಅಕ್ಕ, ನಿನಗೆ ಕಿಟಕಿ ಸೀಟು ಹಿಡೀತೀನಿ” ಎಂದು ಅವರ ಹೆಗಲಿನಲ್ಲಿದ್ದ ಆ ಹಳದಿ ಚೀಲ ಕಿತ್ತುಕೊಂಡು ಓಡಿಯೇಬಿಟ್ಟರು.

ನಾವು ಮೇಲೆ ಹೋಗುವಷ್ಟರಲ್ಲಿ ಎರಡು ಹಾಲ್‌ಗಳ ಸೀಟುಗಳ ಮೇಲೆ ಟವೆಲ್, ಶಾಲು, ಮಂಡಕ್ಕಿ ಪೊಟ್ಟಣ, ಒಂದರ ಮೇಲಂತೂ ಚಪ್ಪಲಿ! ಟಿಕೆಟ್ ಹಿಡಿದು ಬಂದ ಆ ದೇಶದ ಜನ ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಹಡಗಿನ ಸಿಬ್ಬಂದಿಯೊಬ್ಬ ಮುಖ ಕೆಂಪಗೆ ಮಾಡಿಕೊಂಡು ಬಂದು, ಎಲ್ಲವನ್ನೂ ಬಾಚಿ ಕೌಂಟರಿನ ಮುಂದೆ ಗುಡ್ಡೆ ಹಾಕಿದ. ನಾನು ಸಿಕ್ಕಸಿಕ್ಕವರಿಗೆಲ್ಲ ಕ್ಷಮೆ ಕೇಳಿ ನಮ್ಮವರನ್ನು ಅವರವರ ನಂಬರಿನ ಜಾಗದಲ್ಲಿ ಕೂರಿಸಿದೆ. ಅಲ್ಲಿಯೂ ಕಿಟಕಿ ಇತ್ತು. ಇಷ್ಟಕ್ಕೆ ಅಷ್ಟೆಲ್ಲ ರಾದ್ಧಾಂತ.

ಹಡಗು ಬಂದರು ಬಿಟ್ಟ ಮೇಲೆ ಗಿರಿಜಮ್ಮ ಕೇಳಿದರು: “ಚನ್ನಾ, ನನ್ನ ಚೀಲ ಎಲ್ಲೈತೋ?”

ಗುಡ್ಡೆಯನ್ನೆಲ್ಲ ಕೆದಕಿದೆವು. ಹಳದಿ ಚೀಲ ಇರಲಿಲ್ಲ.

“ಎಲ್ಲೋ ಒಂದ್ಕಡೆ ಹಾಕೀನಿ” ಎಂದರು ಚನ್ನಬಸಪ್ಪ.

“ಎಲ್ಲೋ ಅಂದ್ರೆ ಎಲ್ರಿ?”

“ಎಲ್ಲಾ ಸೀಟೂ ಒಂದೇ ಥರ ಅದಾವಲ್ರಿ ಇಲ್ಲಿ! ನಾನೇನ್ ಮಾಡ್ಲಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಹಡಗು ದಾರಿಯಲ್ಲಿ ಪಾರೋಸ್ ಎಂಬ ಇನ್ನೊಂದು ದ್ವೀಪದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿಯುವವರ ಕೈಯಲ್ಲಿ ಆ ಚೀಲ ಹೋದರೆ ಮುಗಿಯಿತು. ಮರುದಿನ ಬೆಳಿಗ್ಗೆಯೇ ಮುಹೂರ್ತ.

ಶಿವಕುಮಾರ್ ಸಮಾಧಾನ ಮಾಡಲು ಹೋದರು. “ಟೆನ್ಶನ್ ಬ್ಯಾಡ್ರಿ ಅಕ್ಕೋರೆ. ಅಲ್ಲೂ ಜ್ಯೂಯೆಲರ್ಸ್ ಇರ್ತಾರೆ, ಹೊಸದು ತಗಂಡ್ರಾತು.”

“ಅಂಗಡ್ಯಾಗೆ ಸಿಗೋದು ಬಂಗಾರ ರೀ. ಅಜ್ಜಯ್ಯನ ಗದ್ದಿಗೆ ಮುಟ್ಟಿದ್ದು ಸಿಗುತ್ತೇನು?” ಗಿರಿಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. “ಇಷ್ಟು ದೂರ ಕಾಪಾಡ್ಕೊಂಡು ಬಂದು, ಬರಿಗೈಲಿ ಸೊಸೆ ಮುಂದೆ ಹೆಂಗೆ ನಿಲ್ಲಲಿ?”

ಸಿಬ್ಬಂದಿಯವನು ಸೀಟುಗಳ ಮೇಲೆ ಇನ್ನೇನೂ ಉಳಿದಿಲ್ಲ ಎಂದು ಸಾಧಿಸಿದ. ನನಗೆ ನಂಬಿಕೆ ಬರಲಿಲ್ಲ. ಒಂದೊಂದೇ ಸಾಲು ನೋಡುತ್ತ ಹಿಂದಿನ ಹಾಲ್‌ಗೆ ಹೋದೆ. ಕಟ್ಟಕಡೆಯ ಸಾಲಿನ ಕಿಟಕಿ ಪಕ್ಕದಲ್ಲಿ ಹಳದಿ ಚೀಲ ದರ್ಬಾರಿನಲ್ಲಿ ಕೂತ ಹಾಗೆ ಕೂತಿತ್ತು. ಅದರ ಪಕ್ಕ, ನಡೆದಾಡುವ ದಾರಿಯಲ್ಲಿ, ತನ್ನ ಸೂಟ್‌ಕೇಸ್ ಮೇಲೆ, ಕಪ್ಪು ಉಡುಪಿನ ಒಬ್ಬ ಮುದುಕಿ ಕಾಲು ಮುದುರಿಕೊಂಡು ಕುಳಿತಿದ್ದಳು.

ಚೀಲಕ್ಕೆ ಕೈ ಹಾಕಿದೆ. ಮುದುಕಿ ಫಟ್ಟನೆ ನನ್ನ ಕೈಗೆ ಹೊಡೆದಳು! ಪಕ್ಕದ ಪ್ರಯಾಣಿಕನೊಬ್ಬ ಇಂಗ್ಲಿಷಿನಲ್ಲಿ ವಿವರಿಸಿದ. ಆ ಸೀಟು ಅವಳದೇ, ಟಿಕೆಟ್ ಇದೆ. ಆದರೆ ಬಂದು ನೋಡಿದರೆ ಚೀಲ ಇದೆ, ಹೆಂಗಸಿನ ಚೀಲ. ಯಾರೋ ಪಾಪ ಹೊರಗೆ ಹೋಗಿರಬೇಕು, ಬರಲಿ ಎಂದು ಕಾಯುತ್ತಿದ್ದಾಳೆ. ಎತ್ತಲು ಬಂದ ಸಿಬ್ಬಂದಿಯನ್ನೂ ಗದರಿಸಿ ಕಳಿಸಿದ್ದಾಳೆ; ಅವನು ಅದು ಅವಳದೇ ಚೀಲ ಎಂದುಕೊಂಡು ಹೋಗಿದ್ದಾನೆ. “ಇವನು ಗಂಡಸು, ಇವನಿಗೆ ಕೊಡುವುದಿಲ್ಲ, ಆ ಹೆಂಗಸನ್ನು ಕರೆದುಕೊಂಡು ಬರಲಿ ಅನ್ನುತ್ತಿದ್ದಾಳೆ” ಎಂದ.

ನಮ್ಮವರ ಕಾಟ ಸಾಲದು ಎಂದು ಇದೊಂದು. ಓಡಿಹೋಗಿ ಗಿರಿಜಮ್ಮನನ್ನು ಕರೆತಂದೆ. ಅವರು ಚೀಲ ಬಿಚ್ಚಿ ತಾಳಿ ಇದೆಯೆಂದು ನೋಡಿಕೊಂಡರು. ಮುದುಕಿಯನ್ನು ಎಬ್ಬಿಸಿ, ಅವಳ ಸೀಟಿನಲ್ಲಿ ಅವಳನ್ನು ಕೂರಿಸಿ, ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವಳು ಸ್ಯಾಂಟೊರಿನಿಯವಳೇ ಎಂದು ತಿಳಿದು, ಲಗ್ನಪತ್ರಿಕೆ ತೋರಿಸಿ, “ನಾಳೆ ನೀವು ಬರ್ಲೇಬೇಕು ನೋಡ್ರಿ ಮತ್ತೆ” ಎಂದು ಅಚ್ಚ ಭಾನುವಳ್ಳಿ ಕನ್ನಡದಲ್ಲಿ ಕರೆದರು. ಪಕ್ಕದ ಪ್ರಯಾಣಿಕ ಜಾಗ, ಹೊತ್ತು ವಿವರಿಸಿದಾಗ ಅವಳು ಹೂಂ ಎಂದು ತಲೆಯಾಡಿಸಿದಳು.

ಚನ್ನಬಸಪ್ಪ ಮೀಸೆ ತೀಡಿದರು. “ನೋಡಿದ್ರಿಲ್ಲೋ, ನಾ ಹಿಡಿದ ಸೀಟು ಯಾರೂ ಮುಟ್ಟಿಲ್ಲ!” ಇವರನ್ನು ಎತ್ತಿ ಸಮುದ್ರಕ್ಕೆ ಹಾಕಬೇಕು ಎನಿಸಿತು.

ಮರುದಿನ ಮಂಟಪದ ಮುಂದೆ ಕುರ್ಚಿ ಕಡಿಮೆ ಬಿದ್ದವು. ಹಿರಿಯರು ನಿಂತಿದ್ದಾರೆ, ಮೊದಲ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ಅದೇ ಹಳದಿ ಚೀಲ! ನನಗೆ ರೇಗಿತು. ಎತ್ತಲು ಹೋದೆ.

“ಮುಟ್ಟಬ್ಯಾಡ್ರಿ,” ಎಂದರು ಗಿರಿಜಮ್ಮ ಮಂಟಪದಿಂದಲೇ. “ಅಲ್ಲಿ ಜನ ಅದಾರೆ.”

ಗಟ್ಟಿಮೇಳದ ಹೊತ್ತಾಯಿತು. ಶಾಸ್ತ್ರ ಮಾಡಿಸುತ್ತಿದ್ದ ಸ್ವಾಮಿಗಳು ತಾಳಿ ಕೇಳಿದರು. ಗಿರಿಜಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕೆಳಗಿನ ರಸ್ತೆಯಿಂದ ಹತ್ತಿ ಬರುವ ಮೆಟ್ಟಿಲ ಕಡೆ ನೋಡುತ್ತಲೇ ಇದ್ದರು. “ಒಂದು ಗಳಿಗೆ ತಡೀರಿ ಸ್ವಾಮ್ಯಾರೆ.” ಮುಹೂರ್ತಕ್ಕಾಗಿ ನನ್ನ ಜೀವ ತಿಂದಿದ್ದ ಹೆಂಗಸು!

ಅಷ್ಟರಲ್ಲಿ ಆ ಮುದುಕಿ ಅದೇ ಕಪ್ಪು ಉಡುಪಿನಲ್ಲಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಗಿರಿಜಮ್ಮ ಮಂಟಪದಿಂದ ಇಳಿದು ಹೋಗಿ, ಕುರ್ಚಿಯ ಮೇಲಿನ ಚೀಲ ತೆಗೆದು ಅವಳನ್ನು ಕೂರಿಸಿದರು. ಆಮೇಲೆ ಮಗನ ಕೈಗೆ ತಾಳಿ ಕೊಟ್ಟು, “ಈಗ ಕಟ್ಟಪ್ಪ” ಎಂದರು.

ನಂಬರು, ಟಿಕೆಟ್ಟು, ಟೈಮು ಪಾಲಿಸುವುದೇ ನನ್ನ ಕೆಲಸವಾಗಿತ್ತು. ಇನ್ನೂ ಬಾರದವರಿಗಾಗಿ ಒಂದು ಜಾಗ ಕಾಯುವುದೂ ಈ ಕೆಲಸಕ್ಕೆ ಸೇರಿದ್ದು ಎಂದು ಕಲಿಸಿದವರು ಆ ಇಬ್ಬರು ಹೆಂಗಸರು. ಹರಿಹರದ ಬಸ್ಸಿನಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಬಿದ್ದರೆ ಇವತ್ತಿಗೂ ನನ್ನ ಪಿತ್ತ ನೆತ್ತಿಗೇರುತ್ತದೆ. ಬೈದುಕೊಂಡೇ ಪಕ್ಕದಲ್ಲಿ ನಿಲ್ಲುತ್ತೇನೆ. ಯಾರಾದರೂ ಬಂದು ಟವೆಲ್ ಸರಿಸಿ ಕೂರಲು ಹೋದರೆ ಮಾತ್ರ ನನ್ನ ಬಾಯಿ ಸುಮ್ಮನಿರುವುದಿಲ್ಲ.

“ಮುಟ್ಟಬ್ಯಾಡ್ರಿ, ಅಲ್ಲಿ ಜನ ಅದಾರೆ.”